ತಾತನ ಮಾರ್ಕ್ಸ್ ಕಾರ್ಡಿನಲ್ಲಿ ಹೆವಿ ಮೆಟಲ್

ಮದ್ದೂರು ಅಂದ ಕೂಡಲೇ ಎಲ್ಲರಿಗೂ ವಡೆ ನೆನಪಾಗುತ್ತದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು. ನಮ್ಮದು ಗುಂಡ್ಲುಪೇಟೆ ದಾಟಿ ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿಗೆ ಸಿಗುವ ಪುಟ್ಟ ಮದ್ದೂರು. ಇಲ್ಲೊಂದು ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ. 2009ರಿಂದ ಈಚೆಗೆ ರಾತ್ರಿ 9 ಗಂಟೆಗೆ ಈ ದಾರಿ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ ಬೇರೆ ವಾಹನ ಬಿಡುವುದಿಲ್ಲ. ಹಾಗಾಗಿ ನಮ್ಮೂರಿನ ರಾತ್ರಿ ಅಂದರೆ ನಿಜವಾದ ರಾತ್ರಿ.

ಇಂಥ ರಾತ್ರಿಯಲ್ಲಿ ನಮಗೆ ಗೊತ್ತಿರುವ ದೊಡ್ಡ ಸದ್ದು, ಹೊಲದ ಅಟ್ಟಣೆಯ ಮೇಲೆ ಕಾವಲು ಕೂತವರು ಆನೆ ಬಂದಾಗ ತಗಡಿನ ಡಬ್ಬ ಬಡಿಯುವ ಸದ್ದು. ಒಬ್ಬ ಬಡಿದರೆ ಪಕ್ಕದ ಹೊಲದವನೂ ಬಡಿಯುತ್ತಾನೆ. ಅದನ್ನು ಕೇಳಿ ಇನ್ನೊಬ್ಬ ಕೂಗು ಹಾಕುತ್ತಾನೆ. ನಾನೂ ಎಷ್ಟೋ ವರ್ಷ ಬಡಿದಿದ್ದೇನೆ. ಆ ಸದ್ದಿಗೆ ಆನೆ ಓಡುತ್ತದೋ ಇಲ್ಲವೋ, ಬಡಿಯುವವನ ಎದೆಯ ಭಯ ಮಾತ್ರ ಅರ್ಧ ಇಳಿಯುತ್ತದೆ. ಮಕ್ಕಳೇ, ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು. ಮಗನ ಸಂಸಾರ ಬೆಂಗಳೂರಿನಲ್ಲಿದೆ. ಮೊಮ್ಮಗ 9ನೇ ತರಗತಿ. ಸ್ಕೂಲಿಗೆ ಸೇರುವವರೆಗೂ ಅವನು ಬೆಳೆದದ್ದು ಇಲ್ಲೇ, ಅವನ ಅಜ್ಜಿಯ ಸೊಂಟದ ಮೇಲೆ. ಹೋದ ಮಾರ್ಚಿಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಅವನಿಗೆ ಪರೀಕ್ಷೆ ನಡೆಯುತ್ತಿತ್ತು. ಅವನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹುಡುಗ ಅಳಲಿಲ್ಲ. ಆಮೇಲೆ ಅವನ ಮಾತು ಕಡಿಮೆಯಾಗುತ್ತಾ ಹೋಯಿತು, ಕಿವಿಯಲ್ಲಿ ಹೆಡ್‌ಫೋನು ಜಾಸ್ತಿಯಾಗುತ್ತಾ ಬಂತು. ಬಟ್ಟೆಯೆಲ್ಲ ಕಪ್ಪು, ಟೀ ಶರ್ಟಿನ ಮೇಲೆ ತಲೆಬುರುಡೆ.

ದಸರಾ ರಜಕ್ಕೆ ಮುಂಚೆ ಮಗ ಫೋನು ಮಾಡಿದ. “ಅಪ್ಪಾ, ಹುಡುಗನ್ನ ಕಳಿಸ್ತಿದ್ದೀನಿ. ಯಾವಾಗಲೂ ಅದೇನೋ ರಾಕ್ಷಸರು ಕಿರುಚೋ ಹಾಡು. ನೀವು ಆ ಹೆಡ್‌ಫೋನ್ ಕಿತ್ತಿಡಿ. ನಮ್ಮ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾನೆ.”

“ಪೇಪರ್ ನೋಡದೆ ಮಾರ್ಕ್ಸ್ ಹಾಕಕ್ಕಾಗಲ್ಲ ಕಣಪ್ಪ. ಮೊದಲು ಕೇಳ್ತೀನಿ” ಅಂದೆ.

ಹುಡುಗ ಬಂದ. ಒಂದು ಒಪ್ಪಂದ ಮಾಡಿಕೊಂಡೆವು. ದಿನಾ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಒಂದು ಆಲ್ಬಂ ಕೇಳುವುದು. ಹೆಡ್‌ಫೋನು ಬೇಡ, ಸ್ಪೀಕರಿನಲ್ಲಿ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಹಾರಿಸುವ ಹಾಗಿಲ್ಲ. ಮುಗಿದ ಮೇಲೆ ಇಬ್ಬರೂ ನೂರಕ್ಕೆ ಅಂಕ ಕೊಡುವುದು. ತಾಳಕ್ಕೆ 25, ರಾಗಕ್ಕೆ 25, ಕಂಠಕ್ಕೆ 25, ‘ಹೇಳೋಕೆ ಏನಾದರೂ ಇದೆಯಾ’ ಅನ್ನುವುದಕ್ಕೆ 25. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ಸಿದ್ಧ ಮಾಡಿದೆ.

ಮೊದಲ ರಾತ್ರಿ ‘ಬ್ಲ್ಯಾಕ್ ಸಬ್ಬತ್’. ಬ್ಯಾಂಡಿನ ಹೆಸರೂ ಅದೇ, ಆಲ್ಬಮ್ಮಿನ ಹೆಸರೂ ಅದೇ, ಮೊದಲ ಹಾಡಿನ ಹೆಸರೂ ಅದೇ. ಬಂದದ್ದು 1970ರ ಫೆಬ್ರವರಿ 13ರಂದು. ಹೆವಿ ಮೆಟಲ್ ಅನ್ನುವ ವಂಶಕ್ಕೆ ಇದೇ ಮೂಲಪುರುಷ ಎಂದು ಬಹಳ ಜನ ಒಪ್ಪುತ್ತಾರೆ. ಶುರುವಿನಲ್ಲಿ ಮಳೆ, ಗುಡುಗು, ದೂರದಲ್ಲಿ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ, ಆನೆ ಹೆಜ್ಜೆ ಇಟ್ಟ ಹಾಗೆ. ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಈ ಅಂತರಕ್ಕೆ ಯುರೋಪಿನ ಹಳೆಯ ಸಂಗೀತಗಾರರು ಸೈತಾನನ ಹೆಸರು ಕಟ್ಟಿದ್ದರು. ನಮ್ಮಲ್ಲಿ ಅದೇ ಪ್ರತಿಮಧ್ಯಮ ಕಲ್ಯಾಣಿ ರಾಗದಲ್ಲಿ ಮದುವೆಮನೆಯ ನಾದಸ್ವರದಿಂದ ಕೇಳಿಬರುತ್ತದೆ! ಒಂದೇ ಸ್ವರ. ಒಂದು ಊರಿನಲ್ಲಿ ಸೈತಾನ, ಇನ್ನೊಂದು ಊರಿನಲ್ಲಿ ಮಂಗಳವಾದ್ಯ. ಇದನ್ನು ಹೇಳಿದಾಗ ಮೊಮ್ಮಗ ಕಣ್ಣರಳಿಸಿದ.

ಅವನು ನನಗೆ ಹೇಳಿದ್ದು ಇನ್ನೂ ದೊಡ್ಡ ಕತೆ. ಈ ಬ್ಯಾಂಡಿನವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು, ಕಾರ್ಖಾನೆಗಳ ಊರಿನ ದುಡಿಯುವ ಜನರ ಮಕ್ಕಳು. ಗಿಟಾರ್ ನುಡಿಸುವ ಟೋನಿ ಅಯೋಮಿಗೆ 17 ವರ್ಷವಾಗಿದ್ದಾಗ, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಗೈ ವಾದಕ. ತಂತಿ ಒತ್ತಬೇಕಾದದ್ದು ಆ ಬಲಗೈ ಬೆರಳುಗಳಿಂದಲೇ. ಕಾರ್ಖಾನೆಯ ಮೇಲ್ವಿಚಾರಕ ಅವನಿಗೆ ಜ್ಯಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ರೆಕಾರ್ಡು ತಂದುಕೊಟ್ಟನಂತೆ. ರೈನ್‌ಹಾರ್ಟ್ ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ನುಡಿಸಿ ಹೆಸರಾದವನು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ತೊಗಲಿನ ಚೂರು ಅಂಟಿಸಿದ. ತೆಳುವಾದ ತಂತಿ ಹಾಕಿದ. ಮುಂದೆ 1971ರ ಮೂರನೆಯ ಆಲ್ಬಂ ಹೊತ್ತಿಗೆ ತಂತಿಗಳ ಬಿಗಿಯನ್ನೇ ಸಡಿಲಿಸಿಕೊಂಡ. ತಂತಿ ಸಡಿಲವಾದರೆ ಸ್ವರ ಇಳಿಯುತ್ತದೆ, ಸದ್ದು ಗಡಸಾಗುತ್ತದೆ. ಇವತ್ತು ಲೋಕದ ಸಾವಿರಾರು ಬ್ಯಾಂಡುಗಳು ಆಸೆಪಟ್ಟು ನುಡಿಸುವ ಆ ಭಾರದ ಸದ್ದಿನ ಹಿಂದೆ ಒಬ್ಬ ಕೂಲಿ ಹುಡುಗನ ನೋಯುವ ಬೆರಳುಗಳಿವೆ.

ನಾನು ಕೊಟ್ಟ ಅಂಕ 93. ಮೊಮ್ಮಗ 98 ಕೊಟ್ಟ. ಇನ್ನೆರಡು ಏನಾಯಿತು ಅಂದರೆ, “ನೂರು ಕೊಟ್ಟರೆ ಮುಂದೆ ಓದಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ ತಾತ” ಅಂದ.

ಎರಡನೆಯ ರಾತ್ರಿ ಅಸಲಿ ರಾಕ್ಷಸ ಕಂಠ ಬಂತು. ಬ್ಯಾಂಡಿನ ಹೆಸರು ‘ಡೆತ್’, ಅಂದರೆ ಸಾವು. ಅಮೆರಿಕದ ಫ್ಲಾರಿಡಾದವರು. ಆಲ್ಬಂ 1995ರ ‘ಸಿಂಬಾಲಿಕ್’. ಇದಕ್ಕೆ ಎಕ್ಸ್‌ಟ್ರೀಮ್ ಮೆಟಲ್ ಅನ್ನುತ್ತಾರೆ, ಮೆಟಲ್‌ನಲ್ಲೇ ಅತಿ ವೇಗದ, ಅತಿ ಗಡಸು ಜಾತಿ. ಡ್ರಮ್ಮಿನವನು ಎರಡು ಕಾಲಿಗೂ ಎರಡು ಪೆಡಲ್ ಇಟ್ಟುಕೊಂಡು ಹೊಲಿಗೆ ಯಂತ್ರದ ಹಾಗೆ ಓಡಿಸುತ್ತಾನೆ. ಒಂದು ಪೆಟ್ಟೂ ಜಾರುವುದಿಲ್ಲ! ಹಾಡುವ ಬಗೆ ಮಾತ್ರ ನಮ್ಮ ಮೂಡಲಪಾಯ ಬಯಲಾಟದ ರಕ್ಕಸ ರಂಗಕ್ಕೆ ಬಂದಂತೆ. ಗಂಟಲಿನ ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವನ್ನು ಅದುರಿಸಿ ಈ ಘರ್ಜನೆ ತೆಗೆಯುತ್ತಾರಂತೆ. ತಾಲೀಮಿಲ್ಲದೆ ಅನುಕರಿಸಿದರೆ ಗಂಟಲು ಕೆಡುತ್ತದೆ, ಮಕ್ಕಳೇ ಜೋಕೆ.

ಹೆಸರು ‘ಸಾವು’, ಕಂಠ ರಾಕ್ಷಸನದು. ಆದರೆ ‘ಸಿಂಬಾಲಿಕ್’ ಎಂಬ ಮೊದಲ ಹಾಡು ಬಾಲ್ಯದ ಮುಗ್ಧತೆಯನ್ನು ನೆನೆಯುವ ಹಾಡು. ಇದನ್ನು ಬರೆದು ಹಾಡಿದವನು ಚಕ್ ಶುಲ್ಡಿನರ್. ಅವನು ಚಿಕ್ಕವನಿದ್ದಾಗ 16 ವರ್ಷದ ಅಣ್ಣ ತೀರಿಹೋದ. ದುಃಖ ಸ್ವಲ್ಪ ಇಳಿಯಲಿ ಅಂತ ತಂದೆತಾಯಿ 9 ವರ್ಷದ ಹುಡುಗನ ಕೈಗೆ ಗಿಟಾರ್ ಕೊಟ್ಟರಂತೆ. ಆ ಹುಡುಗ ಮುಂದೆ ಕಟ್ಟಿದ ಬ್ಯಾಂಡಿಗೆ ‘ಡೆತ್’ ಎಂದೇ ಹೆಸರಿಟ್ಟ. 2001ರ ಡಿಸೆಂಬರಿನಲ್ಲಿ, 34ನೇ ವಯಸ್ಸಿನಲ್ಲಿ, ಮಿದುಳಿನ ಕ್ಯಾನ್ಸರಿನಿಂದ ಅವನೂ ಹೋದ.

ಇದನ್ನು ಹೇಳುವಾಗ ಮೊಮ್ಮಗ ನನ್ನ ಮುಖ ನೋಡಲಿಲ್ಲ. ನಾನೂ ಏನೂ ಕೇಳಲಿಲ್ಲ. ತಾಳಕ್ಕೆ 25ಕ್ಕೆ 25 ಕೊಟ್ಟೆ. ಒಟ್ಟು 88.

ಮೂರನೆಯ, ನಾಲ್ಕನೆಯ ರಾತ್ರಿ ಗಾಥಿಕ್ ರಾಕ್. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಚೂಪು ಗೋಪುರಗಳನ್ನು ನೋಡಿದ್ದೀರಲ್ಲ? ಆ ಕಟ್ಟಡ ಶೈಲಿಗೆ ಗಾಥಿಕ್ ಅನ್ನುತ್ತಾರೆ. ಹಳೆಯ ಕೋಟೆ, ದೆವ್ವ, ಮಂಜು ತುಂಬಿದ ಕತೆಗಳಿಗೂ ಅದೇ ಹೆಸರು ಅಂಟಿತು. ಅಲ್ಲಿಂದ 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮಬ್ಬುಗತ್ತಲೆಯ ಸಂಗೀತಕ್ಕೂ ಬಂತು. ಲೀಡ್ಸ್ ಊರಿನ ‘ದಿ ಸಿಸ್ಟರ್ಸ್ ಆಫ್ ಮರ್ಸಿ’ಯ 1985ರ ‘ಫಸ್ಟ್ ಅಂಡ್ ಲಾಸ್ಟ್ ಅಂಡ್ ಆಲ್ವೇಸ್’ ಕೇಳಿದೆವು. ಹಾಡುವವನ ಕಂಠ ಬಾವಿಯೊಳಗಿಂದ ಬಂದ ಹಾಗಿದೆ, ಬಹಳ ಚೆನ್ನ. ಆದರೆ ಈ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವುದು ಮನುಷ್ಯನಲ್ಲ, ಒಂದು ಯಂತ್ರ. ಅದಕ್ಕೆ ‘ಡಾಕ್ಟರ್ ಅವಲಾಂಚ್’ ಅಂತ ನಾಮಕರಣ ಬೇರೆ! ಯಂತ್ರಕ್ಕೆ ಬೆವರು ಬರುವುದಿಲ್ಲ, ತಾಳದಲ್ಲಿ 10 ಅಂಕ ಕಡಿದೆ. “ತಾತ, ಇದು ಅನ್ಯಾಯ” ಅಂತ ಮೊಮ್ಮಗ ಅರ್ಧ ಗಂಟೆ ವಾದ ಮಾಡಿದ. ಎಷ್ಟೋ ತಿಂಗಳ ಮೇಲೆ ಅವನು ಅಷ್ಟು ಮಾತಾಡಿದ್ದು ಅವತ್ತೇ. ಆದರೂ ಅಂಕ ಬದಲಿಸಲಿಲ್ಲ.

‘ದಿ ಕ್ಯೂರ್’ ಬ್ಯಾಂಡಿನ 1989ರ ‘ಡಿಸಿಂಟಿಗ್ರೇಷನ್’ ಮಾತ್ರ ಅಜ್ಜಿಯರಿಗೂ ಹಿಡಿಸುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಶುರುವಿಗೆ ಗಾಳಿಗೆ ಅಲುಗುವ ಪುಟ್ಟ ಗಂಟೆಗಳ ಕಿಣಿಕಿಣಿ. ಆಮೇಲೆ ನಿಧಾನವಾಗಿ ಮಂಜು ಇಳಿಯುತ್ತದೆ, ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಬೆಳಿಗ್ಗೆ ಇಳಿಯುವ ಹಾಗೆ. ಹಾಡುವ ರಾಬರ್ಟ್ ಸ್ಮಿತ್‌ಗೆ ಆಗ 30 ತುಂಬುವ ಹೊತ್ತು. ವಯಸ್ಸಾಗಿಹೋಯಿತಲ್ಲ ಎಂಬ ಕಳವಳ ಆಲ್ಬಮ್ಮಿನ ತುಂಬ ಇದೆ. 70 ದಾಟಿದ ನನಗೆ ನಗು ಬಂತು. ಆದರೂ 90 ಕೊಟ್ಟೆ.

ಐದನೆಯ ರಾತ್ರಿ ಹುಡುಗ ಹಿಂದೆಮುಂದೆ ನೋಡಿದ. “ತಾತ, ಇವತ್ತಿಂದು ಬೇಡ ಬಿಡು. ಬ್ಯಾಂಡ್ ಹೆಸರು ಚೆನ್ನಾಗಿಲ್ಲ.”

“ಏನು ಹೆಸರು?”

“ಮೈ ಡೈಯಿಂಗ್ ಬ್ರೈಡ್.”

ಸಾಯುತ್ತಿರುವ ನನ್ನ ಮದುವಣಗಿತ್ತಿ. ನನಗೆ ಅರ್ಥವಾಯಿತು. “ಹಾಕು” ಅಂದೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಬ್ಯಾಂಡು ಅದು. ಆಲ್ಬಂ 1993ರ ‘ಟರ್ನ್ ಲೂಸ್ ದಿ ಸ್ವಾನ್ಸ್’. ಮೊದಲ ಹಾಡಿನಲ್ಲಿ ಅಬ್ಬರವೇ ಇಲ್ಲ. ಕೀಬೋರ್ಡು, ಪಿಟೀಲು, ಮಾತಾಡಿದ ಹಾಗೆ ಹಾಡು. ಆಮೇಲೆ ಗಿಟಾರುಗಳು ಬರುತ್ತವೆ, ಆದರೆ ಅವಸರ ಮಾಡುವುದಿಲ್ಲ. ಹೆಣ ಹೊತ್ತವರ ನಡಿಗೆ ಅದು. ಮೇಲೆ ಘರ್ಜನೆ, ಕೆಳಗೆ ಪಿಟೀಲು. ಸಾವಿನ ಮನೆಯಲ್ಲಿ ಒಬ್ಬರು ಎದೆ ಬಡಿದುಕೊಂಡು ಅಳುತ್ತಿದ್ದರೆ ಮೂಲೆಯಲ್ಲಿ ಇನ್ನೊಬ್ಬರು ಸದ್ದಿಲ್ಲದೆ ಅಳುತ್ತಾರಲ್ಲ, ಹಾಗೆ.

ನಡುವೆ ಎಲ್ಲೋ ಹುಡುಗ ಕೇಳಿದ. “ಅಜ್ಜಿಗೆ ತುಂಬಾ ನೋವಾಯ್ತಾ ತಾತ?”

ಏಳು ತಿಂಗಳಿಂದ ಅವನೊಳಗೆ ಕೂತಿದ್ದ ಪ್ರಶ್ನೆ ಇದು. ಮಕ್ಕಳಿಗೆ ಸುಳ್ಳು ಹೇಳಬಾರದು. “ಮೊದಮೊದಲು ಆಯ್ತು ಕಂದ. ಕೊನೆಯ ಎರಡು ದಿನ ಇರಲಿಲ್ಲ, ನಿದ್ದೆಯಲ್ಲೇ ಇದ್ದಳು. ಅದಕ್ಕೆ ಮುಂಚೆ ನಿನ್ನ ಹೆಸರು ಹೇಳಿ, ಪರೀಕ್ಷೆ ಹೇಗೆ ಬರೆದನಂತೆ ಅಂತ ಕೇಳಿದಳು” ಅಂದೆ.

ಆಗ ಅತ್ತ. ಸ್ಪೀಕರಿನಲ್ಲಿ ಆ ದೊಡ್ಡ ಸದ್ದು ನಡೆಯುತ್ತಲೇ ಇತ್ತು, ಅದರ ಮರೆಯಲ್ಲಿ ಚೆನ್ನಾಗಿ ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಆ ರಾತ್ರಿ ಇಬ್ಬರೂ ಅಂಕ ಹಾಕಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲು ಈಗಲೂ ಖಾಲಿ ಇದೆ.

ಅಟ್ಟಣೆಯ ಮಾತು ಇಲ್ಲಿಗೆ ಬೇಕಾದದ್ದು. ಈ ಹುಡುಗರು ಕತ್ತಲೆಯ ಮೇಲಿನ ಪ್ರೀತಿಗೆ ಇದನ್ನು ಕೇಳುತ್ತಾರೆ ಎಂದು ದೊಡ್ಡವರು ಹೆದರುತ್ತಾರೆ. ನನಗೆ ಕಂಡದ್ದು ಬೇರೆ. ಕತ್ತಲೆ ಮೊದಲೇ ಬಂದಿರುತ್ತದೆ. ಹುಡುಗ ಒಬ್ಬನೇ ಅಟ್ಟಣೆಯ ಮೇಲೆ ಕೂತು ಡಬ್ಬ ಬಡಿಯುತ್ತಿರುತ್ತಾನೆ. ಆಗ ಪಕ್ಕದ ಹೊಲದಿಂದ ನಾವೊಂದು ಕೂಗು ಹಾಕಬೇಕು, ಅಷ್ಟೇ. ಡಬ್ಬ ಕಿತ್ತುಕೊಂಡರೆ ಆನೆ ಹೋಗುವುದಿಲ್ಲ.

ಹಾಗಂತ ಎಲ್ಲವೂ ಒಳ್ಳೆಯದೇ ಎಂದಲ್ಲ. 1990ರ ದಶಕದ ಮೊದಲಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟರು. ಕೊಲೆಯೂ ನಡೆಯಿತು. 1992ರಲ್ಲಿ ಬರ್ಗನ್ ಬಳಿಯ ಫಾಂಟಾಫ್ಟ್ ಎಂಬ ಶತಮಾನಗಳಷ್ಟು ಹಳೆಯ ಮರದ ಚರ್ಚು ಸುಟ್ಟುಹೋಯಿತು. ಆ ಕತೆಯನ್ನು ಮೊಮ್ಮಗನೇ ಹೇಳಿದ. “ಒಳ್ಳೆ ತಾಳ ಇದ್ದರೂ ಅಂಥವರಿಗೆ ನಮ್ಮ ಜಗಲಿಯಲ್ಲಿ ಜಾಗ ಇಲ್ಲ” ಅಂದೆ. ಅವನು ವಾದ ಮಾಡದೆ ತನ್ನ ಪಟ್ಟಿಯಿಂದ ಎರಡು ಹೆಸರು ಹೊಡೆದುಹಾಕಿದ.

ಆರನೆಯ ರಾತ್ರಿ ನಮ್ಮ ಬೆಂಗಳೂರಿನವರ ಸರದಿ. ‘ಕ್ರಿಪ್ಟಾಸ್’ 1998ರಲ್ಲಿ ಶುರುವಾದ ಬ್ಯಾಂಡು. 2013ರಲ್ಲಿ ಜರ್ಮನಿಯ ವಾಕನ್‌ನಲ್ಲಿ ನುಡಿಸಿ ಬಂದರು. ವಾಕನ್ ಎಷ್ಟು ದೊಡ್ಡ ಊರು ಅಂದುಕೊಂಡಿರಿ? ಸುಮಾರು 2000 ಜನರ ಹಳ್ಳಿ! 1990ರಿಂದ ಅಲ್ಲಿ ಬೇಸಿಗೆಯಲ್ಲಿ ಮೆಟಲ್ ಜಾತ್ರೆ ನಡೆಯುತ್ತದೆ. ಈಗ ಹತ್ತಾರು ಸಾವಿರ ಜನ ಹೊಲಗಳಲ್ಲಿ ಡೇರೆ ಹಾಕಿ ಕೆಸರು ತುಳಿಯುತ್ತಾರೆ. ಊರಿನ ಅಗ್ನಿಶಾಮಕ ದಳದವರ ವಾದ್ಯಗೋಷ್ಠಿಯೂ ಅಲ್ಲಿ ನುಡಿಸುತ್ತದೆ. ಕ್ರಿಪ್ಟಾಸ್‌ನ 2016ರ ‘ಬರ್ನ್ ಅಪ್ ದಿ ನೈಟ್’ ಕೇಳಿದೆವು. ಎರಡು ಗಿಟಾರು ಜೋಡೆತ್ತಿನ ಹಾಗೆ ಒಂದೇ ನೊಗಕ್ಕೆ ಹೆಗಲು ಕೊಟ್ಟು ಓಡುತ್ತವೆ. 91 ಅಂಕ. ಊರಿನವರು ಅಂತ ಒಂದೂ ಹೆಚ್ಚು ಕೊಟ್ಟಿಲ್ಲ.

ಇನ್ನೊಂದು ಬ್ಯಾಂಡಿನ ಹೆಸರು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ‘ಬೇವರ್ ಸೀ’! ಇಂಗ್ಲಿಷಿನಲ್ಲಿ ಏನೋ ಸಮುದ್ರ ಇದ್ದ ಹಾಗೆ ಕಾಣುತ್ತದೆ, ಬೇಗ ಹೇಳಿದರೆ ನಮ್ಮ ಹಳ್ಳಿಯ ಬೈಗುಳ. ಮೇಷ್ಟ್ರ ಬುದ್ಧಿ ಬಿಡಲಿಲ್ಲ, ಮೊಮ್ಮಗನಿಗೆ ಅರ್ಥ ಬಿಡಿಸಿ ಹೇಳಿದೆ. ಪಾರ್ಸಿಯಿಂದ ಬಂದ ಮಾತು ಅದು. ‘ಬೇ’ ಅಂದರೆ ಇಲ್ಲದ, ‘ವಾರಿಸ್’ ಅಂದರೆ ವಾರಸುದಾರ. ವಾರಸುದಾರರಿಲ್ಲದವನು. 2012ರ ಅವರ ಮೊದಲ ಆಲ್ಬಂ ಬ್ಲ್ಯಾಕ್ ಸಬ್ಬತ್ತಿನ ನೇರ ವಾರಸುದಾರನೇ ಸರಿ, ಅದೇ ಭಾರ, ಅದೇ ನಿಧಾನ. 86 ಕೊಟ್ಟೆ.

ವಾರಸಿನ ಮಾತು ಬಂದಾಗ ಇನ್ನೊಂದು ಹೇಳಬೇಕು. ಹಳೆಯ ಟ್ರಂಕಿನಲ್ಲಿ ಹೊದಿಕೆ ಹುಡುಕುತ್ತಿದ್ದ ಹುಡುಗ ಒಂದು ಕಪ್ಪು ಟೀ ಶರ್ಟ್ ಹಿಡಿದು ಓಡಿಬಂದ. ‘ಐರನ್ ಮೇಡನ್’ ಬ್ಯಾಂಡಿನ ದೆವ್ವದ ಚಿತ್ರ. ಆ ಬ್ಯಾಂಡು 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು. ಮಗನಿಗೆ ವಿಡಿಯೋ ಕಾಲ್ ಮಾಡಿ ಟೀ ಶರ್ಟ್ ತೋರಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ನಾನು ಎರಡನೇ ಸಾಲಲ್ಲಿ ನಿಂತಿದ್ದೆ ಕಣೋ” ಅಂದ. ಆಮೇಲೆ ಅಪ್ಪ ಮಗ ಮುಕ್ಕಾಲು ಗಂಟೆ ಮಾತಾಡಿದರು. ಹೆಡ್‌ಫೋನಿನ ವಿಷಯ ಯಾರೂ ಎತ್ತಲಿಲ್ಲ.

ಅದನ್ನು ನಾನೇ ಎತ್ತಿದೆ, ಬೇರೆ ಕಾರಣಕ್ಕೆ. ಕಿವಿಯ ಕೇಳುವ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಫೋನಿನ ಸದ್ದು ನೂರಕ್ಕೆ 60ರ ಒಳಗಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ, ಅದೇ ಮಿತಿ. ಸದ್ದು ಏರಿದಷ್ಟೂ ಹೊತ್ತು ಇಳಿಸಬೇಕು. ಹುಡುಗ ಒಪ್ಪಿದ.

ಕೊನೆಯ ರಾತ್ರಿ ನನ್ನ ಸರದಿ. ಅವನ ಅಜ್ಜಿ ಜೋಪಾನವಾಗಿಟ್ಟಿದ್ದ ಒಂದು ಕ್ಯಾಸೆಟ್ ಹಾಕಿದೆ. ನೀಲಗಾರರು ಹಾಡಿದ ಮಂಟೇಸ್ವಾಮಿ ಕತೆ. ತಂಬೂರಿ, ಡಕ್ಕೆ, ಗಗ್ಗರ, ತಾಳ. ಮುಖ್ಯ ಗಾಯಕ ಎಳೆದು ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ರಾತ್ರಿ ಪೂರ್ತಿ ಹಾಡುವ ಕತೆ ಅದು. ನಮ್ಮ ಜಿಲ್ಲೆಯ ಇನ್ನೊಂದು ಹೆಮ್ಮೆ ಮಾದಪ್ಪನ ಕಂಸಾಳೆ. ಕಂಸಾಳೆ ಅಂದರೆ ಕಂಚಿನ ತಾಳ, ಲೋಹಕ್ಕೆ ಲೋಹ ಬಡಿದು ಹುಟ್ಟಿಸುವ ನಾದ. ಮೆಟಲ್ ನಮಗೆ ಹೊಸದೇನಲ್ಲ ಬಿಡಿ!

ಕ್ಯಾಸೆಟ್ಟಿನ ಎರಡೂ ಬದಿ ಮುಗಿಯುವವರೆಗೆ ಹುಡುಗ ಅಲುಗಲಿಲ್ಲ. ಆಮೇಲೆ ನೋಟ್‌ಬುಕ್ ಎಳೆದುಕೊಂಡು ಬರೆದ. ತಾಳ 24, ರಾಗ 23, ಕಂಠ 25, ಹೇಳೋಕೆ ಏನಾದರೂ ಇದೆಯಾ 25. ಪಕ್ಕದಲ್ಲಿ ಷರಾ: ‘ಗಿಟಾರ್ ಇದ್ದಿದ್ದರೆ ನೂರು’.

ಜನವರಿಯ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರು ಜಾತ್ರೆ. ನೀಲಗಾರರು ಅಲ್ಲಿ ಸೇರುತ್ತಾರೆ. ಬರುತ್ತೇನೆ ಎಂದು ಹುಡುಗ ಈಗಾಗಲೇ ಹೇಳಿದ್ದಾನೆ, ಅವರಪ್ಪನನ್ನೂ ಕರೆತರುತ್ತಾನಂತೆ. ಅಷ್ಟರೊಳಗೆ ನಾನು ಕೇಳಿ ಮುಗಿಸಬೇಕಾದ ಹನ್ನೆರಡು ಆಲ್ಬಮ್ಮುಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ ಹೋಗಿದ್ದಾನೆ. ನಾಲ್ಕು ಮುಗಿದಿವೆ.